ಜೂನ್ ಒಂದರಂದು ಹುಟ್ಟಿದವರು

೧೯೯೯ರ ಸೆಪ್ಟೆಂಬರ್ ೩೦, ಗುರುವಾರ, ಮಧ್ಯಾಹ್ನ ಒಂದೂವರೆ ಗಂಟೆಗೆ ಸೋಮಪ್ಪ ಮಾಸ್ತರನ ಮನೆಗೆ ಸೈನ್ಯದ ದಾಖಲೆ ಕಚೇರಿಯಿಂದ ಒಂದು ಲಕೋಟೆ ಬಂತು. ಬಾಗಿಲಲ್ಲಿ ನಿಂತು ಅದನ್ನು ತೆಗೆದುಕೊಂಡವಳು ಅವನ ಹೆಂಡತಿ ನಾಗರತ್ನಾ. ಕೈಗೆ ಜೋಳದ ಹಿಟ್ಟು ಹತ್ತಿತ್ತು. ಲಕೋಟೆಯನ್ನು ಎರಡೇ ಬೆರಳಲ್ಲಿ ಹಿಡಿದು ಒಯ್ದು ದೇವರ ಜಗಲಿಯ ಮೇಲೆ, ಮಾವನ ಫೋಟೋದ ಕೆಳಗೆ ಇಟ್ಟಳು.

ಮಾವ ನಿಜಗುಣಪ್ಪ ತೀರಿಕೊಂಡು ಮೂವತ್ತೆಂಟು ವರ್ಷವಾಗಿತ್ತು. ನಾಗರತ್ನಾ ಆ ಮನೆಗೆ ಸೊಸೆಯಾಗಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಅವಳಿಗೆ ಗೊತ್ತಿದ್ದ ಮಾವನೆಂದರೆ ಆ ಫೋಟೋ: ಖಾಕಿ ಚಡ್ಡಿ ತೊಟ್ಟು, ಹೇಸರಗತ್ತೆಯೊಂದರ ಹಗ್ಗ ಹಿಡಿದು ನಿಂತ ತೆಳ್ಳನೆಯ ಹುಡುಗ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಹೊರುವ ಹೇಸರಗತ್ತೆಗಳ ತುಕಡಿಯಲ್ಲಿದ್ದ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿರಲಿಲ್ಲ. ಅವನ ಸೇವಾ ಪುಸ್ತಕವನ್ನು ಗೆದ್ದಲು ತಿಂದು ಹಾಕಿತ್ತು.

ನೇಸರಗಿಗೆ ಮೂರು ಕಿಲೋಮೀಟರು ದೂರದ ಆ ಊರಿನಲ್ಲಿ ಕಾರ್ಗಿಲ್ ಯುದ್ಧ ಮುಗಿದ ಮೇಲೆ ಒಂದು ಸಮಿತಿ ಹುಟ್ಟಿಕೊಂಡಿತ್ತು. ಊರಿನಿಂದ ಸೈನ್ಯಕ್ಕೆ ಹೋದವರೆಲ್ಲರ ಹೆಸರು ಕೆತ್ತಿಸಿ ಜನವರಿ ೨೬ರಂದು ಪಂಚಾಯಿತಿ ಮುಂದೆ ಕಲ್ಲು ನಿಲ್ಲಿಸುವುದೆಂದು ಆಗಸ್ಟ್ ಹದಿನೈದಕ್ಕೆ ಗೊತ್ತು ಮಾಡಿದ್ದರು. ಹೆಸರಿನ ಮುಂದೆ ಸೇವಾ ಸಂಖ್ಯೆ, ಸೇರಿದ ವರ್ಷ, ಬಿಟ್ಟ ವರ್ಷ ಬೇಕು; ಬಾಯಿಮಾತು ನಡೆಯುವುದಿಲ್ಲ, ಕಾಗದ ತರಬೇಕು. ಸೋಮಪ್ಪನ ತಮ್ಮ ವಿಜಯನ ಮಗಳು ಶಿವಾನಿ ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಹಿಂದಿನ ಓಣಿಯ ಟಿಪ್ಪುಸಾಬ ಸೈನ್ಯದಲ್ಲಿ ಡ್ರೈವರನಾಗಿದ್ದು ನಿವೃತ್ತನಾದವನು. ಅರ್ಜಿ ಹೇಗೆ ಬರೆಯಬೇಕೆಂದು ಅವನು ಹೇಳಿದ, ಇವಳು ಬರೆದಳು. ಆ ಅರ್ಜಿಗೆ ಬಂದ ಉತ್ತರವೇ ಈ ಲಕೋಟೆ.

ರಾತ್ರಿ ಎಂಟಕ್ಕೆ ಊಟಕ್ಕೆ ಕುಳಿತಾಗ ಅದನ್ನು ಒಡೆದರು. ಸೋಮಪ್ಪ, ವಿಜಯ, ಅವರ ತಾಯಿ ಸಿದ್ದಲಿಂಗವ್ವ ಮತ್ತು ಶಿವಾನಿ ತಾಟಿನ ಮುಂದಿದ್ದರು. ನಾಗರತ್ನಾ ಮತ್ತು ಅವಳ ನೆಗೆಣ್ಣಿ, ವಿಜಯನ ಹೆಂಡತಿ ಪದ್ಮವ್ವ ಬಡಿಸುತ್ತಿದ್ದರು. ಮನೆಯಲ್ಲಿದ್ದದ್ದು ಈ ಆರೇ ಜನ. ನಾಗರತ್ನಾಳ ಒಬ್ಬಳೇ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿತ್ತು.

ಒಂದೇ ಹಾಳೆ. ಇಂಗ್ಲಿಷಿನಲ್ಲಿದ್ದುದನ್ನು ಶಿವಾನಿ ಕನ್ನಡಕ್ಕೆ ಮಾಡಿ ಓದಿದಳು. ೧೯೪೦ರ ಆಗಸ್ಟ್ ೧೨ರಂದು ಭರ್ತಿ. ೧೯೪೧ರ ಸೆಪ್ಟೆಂಬರ್ ೮ರಿಂದ ೨೭ರವರೆಗೆ ಊರಿಗೆ ರಜೆ. ಅದೇ ನವೆಂಬರ್ ೪ರಂದು ಮುಂಬಯಿಯಲ್ಲಿ ಹಡಗು ಹತ್ತಿದ್ದು. ಬಸ್ರಾ, ಈಜಿಪ್ತ, ಇಟಲಿ. ೧೯೪೫ರ ಡಿಸೆಂಬರ್ ೯ರಂದು ಮುಂಬಯಿಗೆ ವಾಪಸು. ಮರುವರ್ಷ ಮಾರ್ಚ್ ೧೮ರಂದು ಸೇವೆಯಿಂದ ಬಿಡುಗಡೆ.

"ಇಟ್ಲಿ!" ವಿಜಯ ತೊಡೆ ತಟ್ಟಿದ. "ನನ್ನ ಹೆಸರು ವಿಜಯ ಅಂತ ಸುಮ್ಮನ ಇಟ್ಟಿಲ್ಲ ನೋಡು. ಲಡಾಯಿ ಗೆದ್ದ ಬಂದಿದ್ದಕ್ಕ ಇಟ್ಟಾರ."

"ಗೆದ್ದಾಂವ ಇಂಗ್ರೇಜಾಂವ," ಎಂದ ಸೋಮಪ್ಪ. "ನಮ್ಮಪ್ಪ ಹ್ಯಾಸರಗತ್ತಿ ಕಾದಾಂವ."

ಎಲ್ಲರೂ ನಕ್ಕರು. ಸಿದ್ದಲಿಂಗವ್ವನೂ ಬೊಚ್ಚು ಬಾಯಿ ಮುಚ್ಚಿಕೊಂಡು ನಕ್ಕಳು.

ಶಿವಾನಿ ಪಕ್ಕದಲ್ಲಿ ನೋಟುಪುಸ್ತಕ ಇಟ್ಟುಕೊಂಡಿದ್ದಳು. ಸಮಿತಿಗೆ ಕೊಡಲು, ಕಾಲೇಜಿಗೂ ಆದೀತೆಂದು, ಮನೆತನದ ಪಟ್ಟಿ ಬರೆಯುತ್ತಿದ್ದಳು.

"ದೊಡ್ಡಪ್ಪಾ, ನಿಮ್ಮ ಹುಟ್ಟಿದ ತಾರೀಖು ಹೇಳ್ರಿ."

"ಒಂದು, ಆರು, ನಲವತ್ಮೂರು."

ಬರೆದಳು. ಹಾಳೆಯ ಕಡೆ ನೋಡಿದಳು. "ಮುತ್ಯಾ ಹಡಗ ಹತ್ತಿದ್ದು ನಲವತ್ತೊಂದರಾಗ. ತಿರುಗಿ ಬಂದಿದ್ದು ನಲವತ್ತೈದು. ನಡುವ ರಜಾ ಇಲ್ಲ ಅಂತ ಬರದಾರ. ಮತ್ತ ದೊಡ್ಡಪ್ಪ ಹುಟ್ಟುಮುಂದ ಮುತ್ಯಾ ಎಲ್ಲಿ..."

ತಾನಾಗಿಯೇ ನಿಲ್ಲಿಸಿದಳು. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು. ನಾಗರತ್ನಾಳ ಕೈಯಲ್ಲಿ ಸಾರಿನ ಸೌಟಿತ್ತು. ಯಾರ ತಾಟಿಗೆ ಬಡಿಸಲು ಎತ್ತಿದ್ದಳೋ ಅದೇ ಮರೆತುಹೋಯಿತು.

ವಿಜಯ ಅಣ್ಣನ ಮುಖ ನೋಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಸೋಮಪ್ಪ, "ಸಾಲ್ಯಾಗಿನ ತಾರೀಖು ಅದು. ಏನ ಖರೆ, ಏನ ಸುಳ್ಳು," ಎಂದು ಹೇಳಿ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡ. ಸಾರಿನ ಅನ್ನ ಇನ್ನೂ ತಾಟಿನಲ್ಲಿತ್ತು.

ಸಿದ್ದಲಿಂಗವ್ವ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಪೂರ್ತಿ ತಿಂದಳು. ತಾಟಿನಲ್ಲೇ ಕೈತೊಳೆದಳು. ಗೋಡೆ ಹಿಡಿದು ಎದ್ದು ತಾನು ಮಲಗುವ ಕೋಲಿಗೆ ಹೋದಳು.

ಮರುದಿನ ಬೆಳಗ್ಗೆ ಆರು ಗಂಟೆಗೆ ಹಿತ್ತಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನಾಗರತ್ನಾ ಹೋಗಿ ನೋಡಿದರೆ, ಸ್ನಾನದ ನೀರು ಕಾಯಿಸುವ ಒಲೆಯ ಮುಂದೆ ಅತ್ತೆ ಕುಳಿತಿದ್ದಳು. ಅಟ್ಟದ ಮೇಲಿದ್ದ ಹಳೆಯ ಹಂಚು ಇಳಿಸಿಕೊಂಡಿದ್ದಳು.

"ಅತ್ತೀ, ಇದೇನ್ರಿ?"

"ರೊಟ್ಟಿ."

"ಒಳಗ ನಾ ಮಾಡಾಕತ್ತೇನಲ್ರಿ."

"ಮಾಡು. ಮನ್ಯಾಗಿನವ್ರಿಗೆ ಮಾಡು."

ನಾಗರತ್ನಾ ಅಲ್ಲೇ ನಿಂತಳು. ಕೇಳಬೇಕಾದ ಮಾತು ಒಂದೇ ಇತ್ತು: ಇವರು ಹುಟ್ಟಿದ್ದು ಯಾವಾಗ? ಇಪ್ಪತ್ತೊಂಬತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದ ಅತ್ತೆ-ಸೊಸೆ ಇದಕ್ಕಿಂತ ದೊಡ್ಡ ಮಾತುಗಳನ್ನು ಆಡಿಕೊಂಡಿದ್ದರು. ಆದರೆ ನಿನ್ನೆ ರಾತ್ರಿಯ ಮಾತಿನ ಮೇಲೆ ಆ ಪ್ರಶ್ನೆ ಕೇಳಿದರೆ ಆರೋಪ ಹೊರಿಸಿದಂತೆ. ಕೇಳದಿದ್ದರೆ ಆ ಆರೋಪ ನಂಬಿದಂತೆ. ಅವಳು ಎರಡು ತುಂಡು ಕಟ್ಟಿಗೆ ತಂದು ಒಲೆಯ ಬದಿಗಿಟ್ಟು ಒಳಗೆ ಬಂದಳು.

ನಳದ ಹತ್ತಿರ ಕೊಡ ತುಂಬುವಾಗ ಪದ್ಮವ್ವ ಸಣ್ಣ ದನಿಯಲ್ಲಿ ಕೇಳಿದಳು. "ಅಕ್ಕಾ, ಯಾರರೆ ಒಬ್ರು ಕೇಳಬೇಕಲ್ಲ?"

"ನೀನ ಕೇಳು."

"ನಾ ಸಣ್ಣಾಕಿ. ಭಾವಾರು ಕೇಳ್ಲಿ."

"ಹೊಟ್ಟೀಲೆ ಹುಟ್ಟಿದ ಮಗ ಏನಂತ ಕೇಳ್ತಾನ ಪದ್ಮಾ, ಹಡದಾಕಿನ್ನ?"

"ಹಂಗಾರ ನಮ್ಮ ಮನ್ಯಾರು ಕೇಳ್ಲೇನು?"

"ತಮ್ಮ ಕೇಳಿದ್ರ ಇನ್ನೂ ಛೊಲೊ ಆಕ್ಕೈತಿ, ಬಿಡು."

ಪದ್ಮವ್ವ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ನಾ ಏನೂ ಅನ್ನಾಕತ್ತಿಲ್ಲ. ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಐತಿ, ಅದಕ್ಕ ಅಂದೆ."

ಆ ಹುಡುಗಿ ಒಳಗೆ ಕಾಲೇಜಿಗೆ ಹೊರಡದೆ ಕುಳಿತಿದ್ದಳು. "ದೊಡ್ಡವ್ವಾ, ನಾ ಬೇಕಂತ ಅನ್ನಲಿಲ್ರಿ," ಎಂದು ಕಣ್ಣೀರು ಹಾಕಿದಳು. "ಬಸ್ಸ ತಪ್ಪತೈತಿ, ಏಳು," ಎಂದು ನಾಗರತ್ನಾ ಅವಳ ಡಬ್ಬಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟಳು.

ಸೋಮಪ್ಪ ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕ. ಮೂವತ್ತೈದು ವರ್ಷದ ನೌಕರಿಯಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ಗೀಟೂ ತಪ್ಪಿಸಿದವನಲ್ಲ. ಸೋಮವಾರ ಅರ್ಧ ದಿನದ ರಜೆ ಹಾಕಿ, ತಾನು ಸಣ್ಣವನಿದ್ದಾಗ ಕಲಿತ ಶಾಲೆಗೆ ಹೋದ. ಕಪಾಟಿನ ತಳದಿಂದ ೧೯೪೯ರ ದಾಖಲಾತಿ ಪುಸ್ತಕ ತೆಗೆಸಿದ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಹೆಂಡತಿಗೆ ಹೇಳಿದ.

"ಆ ವರ್ಷ ನನ್ನ ಕೂಡ ಹದಿನಾಕು ಹುಡುಗರು ಸೇರಿದ್ರು. ಹನ್ನೊಂದು ಮಂದಿ ಜೂನ್ ಒಂದಕ್ಕ ಹುಟ್ಯಾರ."

"ನೀವೂ ಹಂಗ ಬರೀತಿದ್ರೆಲ್ಲ?"

"ಇವತ್ತಿಗೂ ಬರೀತೇನಿ. ಹೆತ್ತವ್ರು ಬಂದು, ನಮಗೇನ ಗೊತ್ತೈತ್ರಿ ಸರ, ನೀವ ಬರಕೋರಿ ಅಂತಾರ. ಸಾಲಿ ಚಾಲೂ ಆಗೂದು ಜೂನ್‌ದಾಗ. ಜೂನ್ ಒಂದು ಅಂತ ಬರದ್ರ ಆರು ತುಂಬಿದ ಲೆಕ್ಕ ಸರಳ ಬರತೈತಿ."

"ಹಂಗಾರ ಮುಗೀತಲ್ಲ. ನಿಮ್ದೂ ಸುಳ್ಳ ತಾರೀಖು."

"ತಾರೀಖು ಸುಳ್ಳು, ಖರೆ. ವರ್ಷ? ನಾ ಬರಿಯೂ ಮುಂದ ವರ್ಷ ತಪ್ಪಸಂಗಿಲ್ಲ."

"ನೀವು ತಪ್ಪಸಂಗಿಲ್ಲ. ಆ ಮಾಸ್ತರ ತಪ್ಪಸಿರಬಾರದ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ತಾಟು ಹಾಕಿ ಕರೆದಳು. ರೊಟ್ಟಿಯನ್ನು ನಾಲ್ಕು ಮಾಡಿದ, ಎಂಟು ಮಾಡಿದ, ಬಾಯಿಗೆ ಇಟ್ಟದ್ದು ಒಂದೇ ತುಂಡು. ಹಿತ್ತಲಿನಲ್ಲಿ ಸಿದ್ದಲಿಂಗವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ಇಬ್ಬರಿಗೂ ಕೇಳಿಸುತ್ತಿತ್ತು. ಎದ್ದರೆ ಹತ್ತು ಹೆಜ್ಜೆ. ಅವನು ಏಳಲಿಲ್ಲ.

ಸಂಜೆ ಟಿಪ್ಪುಸಾಬ ಬಂದ. ಅವನಿಗೆ ಯಾರೂ ಹೇಳಿರಲಿಲ್ಲ, ಆದರೆ ಕಾಗದ ತೋರಿಸಿದ ಕೂಡಲೇ ತಾರೀಖುಗಳ ಮೇಲೆ ಬೆರಳಾಡಿಸಿ ಸೋಮಪ್ಪನ ಮುಖ ನೋಡಿದ.

"ಮಾಸ್ತರ, ತಪ್ಪು ನಂದು. ನೌಕರೀ ತಾರೀಖು ಅಷ್ಟ ಕೇಳಿ ಅಂತ ನಾನ ಹೇಳೀನಿ. ಶೀಟ್ ರೋಲ್ ಅಂತ ಇನ್ನೊಂದು ಇರತೈತಿ. ಸಿಪಾಯಿದು ಪೂರಾ ಜಾತಕ ಅದು. ಹೆಂಡ್ತಿ ಹೆಸರು, ಮಕ್ಕಳ ಹೆಸರು, ಹುಟ್ಟಿದ್ದು. ಕೂಸು ಹುಟ್ಟಿದ್ರ ಊರಿಂದ ಕಾಗದ ಹೋಗಬೇಕು. ಅದನ್ನ ನೋಡಿ ಅದರಾಗ ಬರೀತಾರ."

"ಕಾಗದ ಹೋಗಿರಲಿಲ್ಲ ಅಂದ್ರ?"

"ಹೋಗಿರತೈತಿ."

"ಹೋಗಿ, ನಲವತ್ಮೂರು ಅಂತ ಬರದಿದ್ರ?"

ಟಿಪ್ಪುಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. ಸೈನ್ಯದಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ್ದೇನೆ, ಇಂಥ ತಿರುವು ಬಂದಿರಲಿಲ್ಲ ಎಂಬಂತಿತ್ತು ಅವನ ಮುಖ. ಸೋಮಪ್ಪ, "ಬ್ಯಾಡ ಬಿಡು. ಗೊತ್ತಾಗದನ ಇರ್ಲಿ," ಎಂದ.

ಚಹಾ ತಂದ ನಾಗರತ್ನಾ ಬಾಗಿಲಲ್ಲೇ ಹೇಳಿದಳು. "ಬರೀರಿ ಅಣ್ಣಾ. ಗೊತ್ತಾಗದ ಇದ್ರ ಈ ಮನ್ಯಾಗ ಎರಡು ಒಲಿ ಆಗಿ ಉಳೀತಾವ."

ಅಕ್ಟೋಬರ್ ೫ರಂದು ಎರಡನೇ ಅರ್ಜಿ ಹೋಯಿತು.

ಅಲ್ಲಿಂದ ಮಧ್ಯಾಹ್ನದ ಒಂದೂವರೆ ಗಂಟೆ ಎಂಬುದು ನಾಗರತ್ನಾಳಿಗೆ ಹೊತ್ತಾಗಿ ಉಳಿಯಲಿಲ್ಲ, ಕೆಲಸವಾಯಿತು. ಅಂಚೆಯವನ ಸೈಕಲ್ ಗಂಟೆ ಓಣಿಯ ತುದಿಯಲ್ಲಿ ಕೇಳಿದರೆ ಒಲೆ ಸಣ್ಣ ಮಾಡಿ ಹೊರಗೆ ಬರುತ್ತಿದ್ದಳು. ಅವನು ತಲೆಯಲ್ಲಾಡಿಸಿ ಮುಂದೆ ಹೋಗುತ್ತಿದ್ದ. ಸಮಿತಿಯವರು ಎರಡು ಸಲ ಬಂದು ಕೇಳಿದರು: ಎಲ್ಲರದೂ ಬಂದಿದೆ, ನಿಮ್ಮದೊಂದೇ ಬಾಕಿ. ಮೊದಲು ಬಂದ ಕಾಗದವೇ ಅವರಿಗೆ ಸಾಕಾಗುತ್ತಿತ್ತು. ಸೋಮಪ್ಪ ಅದನ್ನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬುದಕ್ಕೆ ಊರು ತಾನೇ ಕಾರಣ ಹುಡುಕಿಕೊಂಡಿತು.

ಒಂದು ಮುಂಜಾನೆ ಫೋನಿನ ಅಂಗಡಿಯವರು ನಾಗರತ್ನಾಳನ್ನು ಕರೆಕಳಿಸಿದರು. ರಾಮದುರ್ಗದಿಂದ ಮಗಳು.

"ಯವ್ವಾ, ನಮ್ಮತ್ತಿ ಕೇಳಾಕತ್ತಾರ. ಮುತ್ಯಾನ ಹೆಸರು ಕಲ್ಲಿಂದ ತಗದಾರಂತ?"

"ಕಲ್ಲ ಇನ್ನೂ ಬಂದಿಲ್ಲ. ತಗಿಯೂದು ಎಲ್ಲಿಂದ?"

"ಮತ್ತ ಅಪ್ಪಂದು ಏನೋ..."

"ಏನೋ ಏನು?"

ಉತ್ತರಕ್ಕೆ ಅವಳು ಕಾಯಲಿಲ್ಲ. "ನಿಮ್ಮತ್ತಿಗೆ ಹೇಳು," ಎಂದಳು ನಾಗರತ್ನಾ. "ದೀಪಾವಳಿಗೆ ಬಂದು ಇಲ್ಲೇ ಕೇಳ್ರಿ ಅನ್ನು." ಹಾಗೆಂದವಳು ಮನೆಗೆ ಬಂದು, ಆಗಲೇ ತೊಳೆದಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು.

ಅಕ್ಟೋಬರ್ ೨೪, ಭಾನುವಾರ, ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಮಾಡಿ, ಆ ಎಡೆಯನ್ನು ಕಲಸಿ ಬೆಳೆಯ ನಡುವೆ ಚರಗವೆಂದು ಚೆಲ್ಲುವ ದಿನ. ಹೋಳಿಗೆ, ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಲ್ಲ ಬುಟ್ಟಿಯಲ್ಲಿತ್ತು. ಸಿದ್ದಲಿಂಗವ್ವ ಬಂದಳು, ಆದರೆ ಸೆರಗಿನಲ್ಲಿ ತನ್ನ ಬುತ್ತಿ ಬೇರೆ ಕಟ್ಟಿಕೊಂಡಿದ್ದಳು. ಗಾಡಿಯಲ್ಲಿ ಅದನ್ನು ಎಲ್ಲರೂ ನೋಡಿದರು. ಪ್ರತಿ ವರ್ಷ ಚರಗ ಕಲಸುವುದು ಅವಳು, ಬುಟ್ಟಿ ಹಿಡಿದು ಹೊಲದ ಸುತ್ತ ಚೆಲ್ಲುತ್ತ ಹೋಗುವುದು ಹಿರಿಯ ಮಗ.

ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಆಯಿತು. ವಿಜಯ ಬುಟ್ಟಿಯನ್ನು ಎತ್ತಿ ಅಣ್ಣನ ಕಡೆ ಚಾಚಿದ. ಸೋಮಪ್ಪ ಕೈ ಮುಂದೆ ಮಾಡಲಿಲ್ಲ.

"ಈ ವರ್ಷ ನೀ ಚೆಲ್ಲು."

"ನಾ ಯಾಕ? ಹಿರ್ಯಾ ನೀನಲ್ಲ?"

"ಹೌದೋ ಅಲ್ಲೋ, ಕಾಗದ ಬರ್ಲಿ."

"ಅಣ್ಣಾ, ಕಾಗದ ಕಾಗದ ಅಂತ ಹಚ್ಚೀದಿ. ಬಿಟ್ಟ ಬಿಡು ಅದನ್ನ. ಕಲ್ಲಿನ ಮ್ಯಾಲೆ ಹೆಸರ ಬರದಿದ್ರ ನಡೀತೈತಿ. ಅಪ್ಪನ ಹೆಸರ ಕೊಡೂದಿಲ್ಲ ಅಂತ ಹೇಳಿಬಿಡೋಣು. ಮಾತು ಅಲ್ಲಿಗೆ ಸಾಯತೈತಿ."

"ಅಂದ್ರ ನೀ ನಂಬೀದಿ."

"ನಾ ಎಲ್ಲಿ ನಂಬೇನಿ? ಊರು ನಂಬತೈತಿ ಅಂದೆ!"

"ಊರಿಗೆ ಹೇಳಿದವ್ರು ಯಾರು?"

ಪದ್ಮವ್ವ ಸಿಡಿದಳು. "ನನ್ನ ಯಾಕ ನೋಡ್ತೀರಿ ಭಾವಾರ? ನಾ ಯಾರ ಮುಂದೂ ಆಡಿಲ್ಲ. ಸವದತ್ತಿ ಕಡೆಯವ್ರು ಶಿವಾನಿನ್ನ ನೋಡಾಕ ಬರತೇವಿ ಅಂದಿದ್ರು, ಈಗ ಮುಂದಿನ ತಿಂಗಳ ನೋಡೋಣು ಅನ್ನಾಕತ್ತಾರ. ನಮಗೂ ಹೊಟ್ಟ್ಯಾಗ ಬೆಂಕಿ ಬಿದ್ದೈತಿ."

"ಹಂಗಾರ ವಾಟ್ನಿ ಮಾಡಿಕೊಳ್ರಿ," ಎಂದ ಸೋಮಪ್ಪ. ದನಿ ಏರಿರಲಿಲ್ಲ. "ನನ್ನ ಪಾಲು ಅಂತ ಏನೂ ಬ್ಯಾಡ. ಬರದ ಕೊಡತೇನಿ."

"ಏನ್ರಿ!" ನಾಗರತ್ನಾ ಕೂಗಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಗಂಡನ ಮೇಲೆ ಆ ದನಿಯಲ್ಲಿ ಕೂಗಿದ್ದು ಅದೇ ಮೊದಲು.

ಸಿದ್ದಲಿಂಗವ್ವ ಎದ್ದಳು. ವಿಜಯನ ಕೈಯಿಂದ ಬುಟ್ಟಿ ಕಿತ್ತುಕೊಂಡಳು. ಎಪ್ಪತ್ತೈದು ವರ್ಷದ ಮುದುಕಿ, ಸೀರೆಯ ನಿರಿಗೆ ಮೇಲಕ್ಕೆ ಸಿಕ್ಕಿಸಿ, ಮೊಣಕಾಲೆತ್ತರದ ಜೋಳದ ನಡುವೆ ಒಬ್ಬಳೇ ಚರಗ ಚೆಲ್ಲುತ್ತ ಹೋದಳು. ಮೂರೂವರೆ ಎಕರೆಯ ಸುತ್ತು. ಇಬ್ಬರು ಗಂಡುಮಕ್ಕಳು ಗಿಡದ ಕೆಳಗೆ ನಿಂತು ನೋಡಿದರು. ತಿರುಗಿ ಬಂದವಳು ದೂರದ ಬದುವಿನ ಮೇಲೆ ಕುಳಿತು ತನ್ನ ಬುತ್ತಿ ಬಿಚ್ಚಿ ಉಂಡಳು.

ದೀಪಾವಳಿಗೆ ರಾಮದುರ್ಗದಿಂದ ಯಾರೂ ಬರಲಿಲ್ಲ.

ನವೆಂಬರ್ ೨೬, ಶುಕ್ರವಾರ, ಒಂದೂವರೆಗೆ ಅಂಚೆಯವನು ಮನೆಯ ಮುಂದೆ ಸೈಕಲ್ ನಿಲ್ಲಿಸಿದ. "ರಜಿಸ್ಟರ್ ಐತ್ರಿ ಅಕ್ಕಾರ, ಸಹಿ ಮಾಡ್ರಿ." ನಾಗರತ್ನಾ ಸಹಿ ಮಾಡಿದಳು. ಕನ್ನಡ ಏಳನೇ ಇಯತ್ತೆಯವರೆಗೆ ಕಲಿತವಳು. ಲಕೋಟೆಯ ಮೇಲಿನ ಇಂಗ್ಲಿಷ್ ಅಕ್ಷರ ಗುರುತು ಸಿಗಲಿಲ್ಲ, ಮುದ್ರೆ ಮಾತ್ರ ಗುರುತು ಸಿಕ್ಕಿತು.

ಗಂಡಸರು ಮನೆಯಲ್ಲಿರಲಿಲ್ಲ. ಪದ್ಮವ್ವ ಯರಗಟ್ಟಿಯ ತವರಿಗೆ ಹೋಗಿದ್ದಳು. ಶಿವಾನಿ ಬರುವುದು ಐದಕ್ಕೆ. ಲಕೋಟೆಯನ್ನು ಜಗಲಿಯ ಮೇಲೆ ಇಡಲು ಹೋದವಳು ಇಡಲಿಲ್ಲ. ಹಿಡಿದುಕೊಂಡೇ ಹಿತ್ತಲಿಗೆ ಹೋದಳು.

ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದಳು, ಸೊಸೆಯ ಕೈ ನೋಡಿದಳು, ಮತ್ತೆ ಬಡಿಯತೊಡಗಿದಳು.

"ಬಂತೇನು?"

"ಬಂತ್ರಿ."

"ಏನ ಬರದಾರ?"

"ಒಡದಿಲ್ರಿ." ನಾಗರತ್ನಾ ನೆಲಕ್ಕೆ ಕುಳಿತಳು. "ಅತ್ತೀ, ಇದನ್ನ ಒಡಿಯೂದರೊಳಗ ನೀವ ಹೇಳ್ರಿ. ಇವರು ಹುಟ್ಟಿದ್ದು ಯಾವಾಗ?"

ರೊಟ್ಟಿ ಹಂಚಿಗೆ ಬಿತ್ತು. ಸಿದ್ದಲಿಂಗವ್ವ ಅದಕ್ಕೆ ನೀರು ಸವರಿದಳು. ಹೊರಳಿಸಿ ಹಾಕಿದಳು. ಉಬ್ಬಿದ ಮೇಲೆ ತೆಗೆದು ಬುಟ್ಟಿಗಿಟ್ಟಳು.

"ಅಧಿಕಮಾಸ ಮುಗಿದ ನಾಕನೇ ದಿನ," ಎಂದಳು. "ಬುಧವಾರ. ಹೊತ್ತು ಏರಿತ್ತು. ಮನೋಳ್ಯಾಗ, ನಮ್ಮ ತವರಮನ್ಯಾಗ. ಅವರು ಹಡಗ ಹತ್ತಿದ ಮುಂದಿನ ಬ್ಯಾಸಗಿ. ಆ ವರ್ಷ ಜ್ಯೇಷ್ಠ ಎರಡ ಸಲ ಬಂದಿತ್ತು, ಈ ವರ್ಷ ಬಂತಲ್ಲ, ಹಂಗ. ಅಧಿಕಮಾಸದಾಗ ಹುಟ್ಟಬಾರದು ಅಂತ ನಮ್ಮವ್ವ ನನ್ನ ಹಾಸಗಿ ಬಿಟ್ಟು ಏಳಾಕ ಕೊಟ್ಟಿರಲಿಲ್ಲ. ಹನ್ನೆರಡು ದಿನಕ್ಕ ಪೋಸ್ಟಿನಾಂವನ ಕೈಲೆ ಕಾರ್ಡ ಬರಸಿದ್ವಿ. ಆರು ತಿಂಗಳ ಮ್ಯಾಲ ಉತ್ತರಾ ಬಂತು: ಕೂಸಿನ ಕಾಲು ಗಟ್ಟಿ ಅದಾವೇನು ಹಿಡದು ನೋಡ್ರಿ, ಅಂತ." ಬೊಚ್ಚು ಬಾಯಿ ಒಂದಿಷ್ಟು ಅರಳಿತು. "ದಿನಾ ಹ್ಯಾಸರಗತ್ತಿ ಕಾಲ ಹಿಡದು ನೋಡಾಂವ. ಮತ್ತೇನ ಕೇಳ್ತಾನ?"

"ಹಂಗಾರ ಸಾಲ್ಯಾಗ ನಲವತ್ಮೂರು ಅಂತ ಯಾಕ್ರಿ..."

"ಸಾಲಿಗೆ ಹಾಕಿ ಬಂದಾವ್ರು ಅವರು. ಕೂಸು ಹುಟ್ಟಿದಾಗ ಊರಾಗ ಇದ್ದಾವ್ರಲ್ಲ. ಅವತ್ತೂ ನನ್ನ ಯಾರು ಕೇಳಿದ್ರು?"

ನಾಗರತ್ನಾ ಲಕೋಟೆಯನ್ನು ಮಡಿಲಿಗೆ ಇಳಿಸಿಕೊಂಡಳು. "ನೀವರೆ ಹೇಳಬಾರದಾಗಿತ್ತೇನ್ರಿ, ಆ ರಾತ್ರಿ?"

"ಕೇಳಲಾರದ ಏನ ಹೇಳ್ಲಿ? ಕಳುವು ಮಾಡೇನೇನು, ಸಾಕ್ಷಿ ಹೇಳಾಕ?" ಮುದುಕಿ ಇನ್ನೊಂದು ಹಿಡಿ ಹಿಟ್ಟು ತೆಗೆದುಕೊಂಡಳು. "ಐವತ್ತೇಳು ದಿನ ಆತು. ಸರಕಾರಕ್ಕ ಎರಡು ಸಲ ಬರದ್ರಿ. ನಾ ಇಲ್ಲೇ ಹಿತ್ತಲದಾಗ ಕುಂತಿದ್ದೆ."

ಲಕೋಟೆ ನಾಗರತ್ನಾಳ ಮಡಿಲಲ್ಲಿತ್ತು. ಅವಳು ಅದನ್ನು ನೆಲಕ್ಕಿಟ್ಟು, ಅತ್ತೆಯ ಕೈಯಿಂದ ಹಿಟ್ಟು ತೆಗೆದುಕೊಂಡಳು. "ಸರೀರಿ, ಇದನ್ನ ನಾ ಬಡೀತೇನಿ." ಸಿದ್ದಲಿಂಗವ್ವ ಸರಿದಳು. ಅಂದು ಮಧ್ಯಾಹ್ನ ಇಬ್ಬರೂ ಹಿತ್ತಲಿನಲ್ಲೇ ಉಂಡರು.

ಆರೂವರೆಗೆ ಎಲ್ಲರೂ ಸೇರಿದಾಗ ಲಕೋಟೆ ಒಡೆದದ್ದು ಸೋಮಪ್ಪ. ಅವಸರಕ್ಕೆ ಹಾಳೆಯ ಮೂಲೆ ಹರಿಯಿತು. ಓದಲು ಶಿವಾನಿಗೆ ಕೊಟ್ಟ. ಅವಳು ಈ ಸಲ ಮೊದಲು ಮನಸ್ಸಿನಲ್ಲೇ ಪೂರ್ತಿ ಓದಿಕೊಂಡಳು.

"ಹೆಂಡತಿ, ಸಿದ್ದಲಿಂಗವ್ವ. ಮಗ, ಸೋಮಪ್ಪ. ಹುಟ್ಟಿದ್ದು ಹದಿನೇಳು ಜೂನ್ ಸಾವಿರದ ಒಂಬೈನೂರಾ ನಲವತ್ತೆರಡು, ಮನೋಳಿ. ಹೆಂಡತಿಯ ಕಾಗದ ನೋಡಿ ಬರೆದದ್ದು. ಬರೆದ ದಿನ ಒಂಬತ್ತು ಅಕ್ಟೋಬರ್ ನಲವತ್ತೆರಡು."

"ನಲವತ್ತೆರಡು," ಎಂದ ವಿಜಯ. "ನಲವತ್ತೆರಡು! ಲೆಕ್ಕ ಕೂಡತಲ್ಲ!"

"ಹೊತ್ತು ಏರಿದಾಗ," ಎಂದಳು ನಾಗರತ್ನಾ ಬಾಗಿಲಿನಿಂದ. "ಬುಧವಾರ. ಅಧಿಕಮಾಸ ಮುಗಿದ ನಾಕನೇ ದಿನ. ಆ ವರ್ಷನೂ ಅಧಿಕ ಜ್ಯೇಷ್ಠ."

ಶಿವಾನಿ ಬೆರಳು ಮಡಚಿದಳು. "ಹತ್ತೊಂಬತ್ತು ವರ್ಷಕ್ಕೊಮ್ಮೆ ಅದ ಮಾಸ ತಿರುಗಿ ಬರತೈತಿ ಅಂತಾರ. ಹತ್ತೊಂಬತ್ತು ಮೂರ್ಲೆ ಐವತ್ತೇಳು. ನಲವತ್ತೆರಡು ಕೂಡಿದ್ರ ತೊಂಬತ್ತೊಂಬತ್ತು. ದೊಡ್ಡವ್ವಾ, ನಿಮಗ ಯಾರು ಹೇಳಿದ್ರು?"

"ನಿಮ್ಮ ಆಯಿ."

"ಯಾವಾಗ?"

"ಕೇಳಿದಾಗ."

ಸೋಮಪ್ಪ ಎದ್ದು ತಾಯಿಯ ಕೋಲಿಗೆ ಹೋದ. ಬಾಗಿಲು ತೆರೆದೇ ಇತ್ತು. ಸಿದ್ದಲಿಂಗವ್ವ ಹಾಸಿಗೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಅವನು ಕಾಲ ಹತ್ತಿರ ನೆಲಕ್ಕೆ ಕುಳಿತ. ಹೊರಗಿದ್ದವರಿಗೆ ಅವನ ಮಾತು ಕೇಳಿಸಲಿಲ್ಲ, ಅವಳದು ಕೇಳಿಸಿತು.

"ಏಳು. ಚರಗದ ದಿನ ಕೈ ಮುಂದ ಮಾಡಲಿಲ್ಲಲ್ಲ ನೀ, ಅದೊಂದು ನನಗ ನುಂಗಾಕ ಆಗಂಗಿಲ್ಲ. ಉಳಿದದ್ದು ಆತು, ಹೋತು."

ಊಟದ ಹೊತ್ತಿಗೆ ವಿಜಯ ವಾತಾವರಣ ಹಗುರ ಮಾಡಲು ನೋಡಿದ. "ಹಂಗಾರ ಅಣ್ಣಾ, ನೀ ಒಂದು ವರ್ಷ ದೊಡ್ಡಾಂವ ಆದಿ. ನೌಕರೀನೂ ಒಂದು ವರ್ಷ ಮೊದಲ ಬಿಡಬೇಕೇನು?"

"ಸರಕಾರಕ್ಕ ಸಾಲಿ ತಾರೀಖ ಕಾಯಂ," ಎಂದ ಸೋಮಪ್ಪ. ತಾಟಿನಲ್ಲಿದ್ದುದನ್ನೆಲ್ಲ ಉಂಡ. ಹಿತ್ತಲಿನ ಒಲೆಯಲ್ಲಿ ಮರುದಿನ ಸ್ನಾನದ ನೀರು ಮಾತ್ರ ಕಾಯಿತು. ಆದರೆ ಸಿದ್ದಲಿಂಗವ್ವ ಹಳೆಯ ಹಂಚನ್ನು ಅಟ್ಟಕ್ಕೆ ಏರಿಸಲಿಲ್ಲ; ತನ್ನ ಕೋಲಿಯ ಗೋಡೆಗೆ ಒರಗಿಸಿ ಇಟ್ಟುಕೊಂಡಳು.

ಜನವರಿ ೨೬ರಂದು ಪಂಚಾಯಿತಿ ಮುಂದೆ ಕಲ್ಲು ನಿಂತಿತು. ಹತ್ತೊಂಬತ್ತು ಹೆಸರುಗಳಲ್ಲಿ ನಿಜಗುಣಪ್ಪನದು ಎರಡನೆಯದು. ಸಿದ್ದಲಿಂಗವ್ವ ನೋಡಲು ಹೋಗಲಿಲ್ಲ. ಶಿವಾನಿಗೆ ನೇಸರಗಿಯ ಕಡೆಯಿಂದಲೇ ಬೇರೆ ಸಂಬಂಧ ಬಂತು.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಯಿತು. ಸೋಮಪ್ಪನ ನೌಕರಿಯಲ್ಲಿ ಅದು ಕೊನೆಯ ದಾಖಲಾತಿ. ಮೊದಲ ವಾರವೆಲ್ಲ ಅವನು ಮನೆಗೆ ತಡವಾಗಿ ಬಂದ. ನಾಲ್ಕನೆಯ ದಿನ ನಾಗರತ್ನಾ, ಆರಿದ ಅಡುಗೆಯನ್ನು ಮತ್ತೆ ಬಿಸಿ ಮಾಡುತ್ತ, ಇಷ್ಟು ಹೊತ್ತು ಏನು ಮಾಡುತ್ತೀರಿ ಎಂದು ಕೇಳಿದಳು.

"ತಾಯಂದಿರನ್ನ ಕೇಳೂದು ಹೊತ್ತು ಹಿಡೀತೈತಿ," ಎಂದ ಅವನು. "ಸೀತನಿ ತೆನಿ ಸುಡುಮುಂದ ಹುಟ್ಯಾನ ಅಂತಾಳ ಒಬ್ಬಾಕಿ. ಇನ್ನೊಬ್ಬಾಕಿ, ಕಾರಹುಣ್ಣಿವಿ ಮುಂದ ನಮ್ಮ ಮಾವಗ ಎತ್ತು ಹಾಯ್ದಿತ್ತಲ್ಲ, ಆ ವಾರ ಅಂತಾಳ. ಪಂಚಾಂಗ ತಗದು ನೋಡಿ ಬರಕೋಬೇಕು."

ಆ ವರ್ಷ ಅವನ ಶಾಲೆಗೆ ಇಪ್ಪತ್ತಾರು ಮಕ್ಕಳು ದಾಖಲಾದರು. ಅವರಲ್ಲಿ ಜೂನ್ ಒಂದರಂದು ಹುಟ್ಟಿದವಳು ಒಬ್ಬಳೇ. ಅವಳ ತಾಯಿ ಬೈಲಹೊಂಗಲದ ಆಸ್ಪತ್ರೆಯ ಚೀಟಿ ತಂದಿದ್ದಳು.